ಹತ್ತಂಕಿಯ ಕೆರೆ, ಹಂಚುವ ನೀರುಗಂಟಿ

ಹಳೆಯ ಅಂಗಡಿಗಳ ಬೋರ್ಡುಗಳ ಮೇಲೆ ಬರೆದ ಫೋನ್ ನಂಬರುಗಳನ್ನು ಒಮ್ಮೆ ಗಮನಿಸಿ. ಬೆಂಗಳೂರಿನದಾದರೆ 080, ಮುಂದೆ ಎಂಟು ಅಂಕಿ. ಮೈಸೂರಿನದಾದರೆ 0821, ಮುಂದೆ ಏಳು. ಶಿವಮೊಗ್ಗದ್ದಾದರೆ 08182, ಮುಂದೆ ಆರು. ಮೊದಲ ಸೊನ್ನೆ ಬಿಟ್ಟು ಎಣಿಸಿದರೆ ಮೂರೂ ಕಡೆ ಹತ್ತೇ ಅಂಕಿ. ದೊಡ್ಡ ಊರಿಗೆ ಹೆಚ್ಚು ಫೋನು ಬೇಕು, ಆದ್ದರಿಂದ ಕೋಡ್ ಚಿಕ್ಕದು; ಸಣ್ಣ ಊರಿಗೆ ಕಡಿಮೆ ಸಾಕು, ಆದ್ದರಿಂದ ಕೋಡ್ ಉದ್ದ. ಕೆರೆಯ ನೀರನ್ನು ಗದ್ದೆಗಳ ಅಗತ್ಯ ನೋಡಿ ಬಿಡುವ ನೀರುಗಂಟಿಯ ಲೆಕ್ಕಾಚಾರವೇ ಇಲ್ಲಿಯೂ ಇದೆ. ನಂಬರು ನಮ್ಮ ಕೈಯಲ್ಲಿದ್ದರೂ ಅದು ಊರೊಟ್ಟಿನ ಸ್ವತ್ತು ಎಂಬುದನ್ನು ಒಪ್ಪಿಕೊಂಡರೆ, ಅದರ ಸುತ್ತಲಿನ ಕಟ್ಟುಪಾಡುಗಳೆಲ್ಲ ಅರ್ಥವಾಗುತ್ತವೆ.

ಭಾರತಕ್ಕೆ 91 ಎಂಬ ಕೋಡ್ ಬಂದಿರುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಿಂದ. ಅದರೊಳಗಿನ ಹಂಚಿಕೆ ಕೇಂದ್ರದ ದೂರಸಂಪರ್ಕ ಇಲಾಖೆಯದು. ಸಲಹೆ ನೀಡುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್. ಈಗಿನ ವ್ಯವಸ್ಥೆಗೆ 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯೇ ಅಡಿಪಾಯ. ಇದರಲ್ಲಿ ಮೊದಲ ಅಂಕಿಗೇ ಹೆಚ್ಚಿನ ತೂಕ. ಸೊನ್ನೆ ಒತ್ತಿದರೆ ಕರೆ ಊರಾಚೆಗೆ ಎಂದರ್ಥ. ತುರ್ತು ಕರೆಯ 112, ಜಾಹೀರಾತು ಕರೆಗಳ 140 ಮುಂತಾದ ವಿಶೇಷ ಸೇವೆಗಳೆಲ್ಲ ಒಂದರಿಂದ ಶುರು. ಮೊಬೈಲುಗಳು 6, 7, 8, 9ರಿಂದ. ಹತ್ತಂಕಿಯಲ್ಲಿ ಸಾವಿರ ಕೋಟಿ ಸಂಖ್ಯೆ ಹುಟ್ಟಬಹುದಾದರೂ ಮೊಬೈಲಿನ ಪಾಲಿಗೆ ಹೆಚ್ಚೆಂದರೆ ನಾನೂರು ಕೋಟಿ ಉಳಿಯುವುದು ಇದರಿಂದಲೇ.

ಹಾಗಾದರೆ ಹನ್ನೊಂದನೆಯ ಅಂಕಿ ಸೇರಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಹಾಗೆ ಮಾಡಿದರೆ ಪ್ರತಿಯೊಬ್ಬರ ನಂಬರು, ಪ್ರತಿ ಬ್ಯಾಂಕಿನ ಕಡತ, ಪ್ರತಿ ಅಂಗಡಿಯ ಬೋರ್ಡು ಬದಲಾಗಬೇಕು. ಟ್ರಾಯ್ 2020ರ ಮೇ ತಿಂಗಳಲ್ಲಿ ಇದಕ್ಕಿಂತ ಹಗುರವಾದ ದಾರಿ ಸೂಚಿಸಿತು: ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಒಂದು ಸೊನ್ನೆ ಸೇರಿಸುವುದು. ಎಕ್ಸ್‌ಚೇಂಜ್ ಅಂಕಿಗಳನ್ನು ಒಂದೊಂದಾಗಿ ಓದುತ್ತದೆ. ಸೊನ್ನೆ ಇಲ್ಲದಿದ್ದರೆ ಎರಡರಿಂದ ಶುರುವಾಗುವ ಮೊಬೈಲ್ ನಂಬರನ್ನು ಅದೇ ಊರಿನ ಲ್ಯಾಂಡ್‌ಲೈನ್ ಎಂದೇ ಭಾವಿಸೀತು. ಹೀಗಾಗಿ ಅಂಥ ಸರಣಿಗಳನ್ನು ಮೊಬೈಲಿಗೆ ಕೊಡುವಂತಿರಲಿಲ್ಲ. 2021ರ ಜನವರಿ 15ರಿಂದ ಈ ಸೊನ್ನೆ ಜಾರಿಗೆ ಬಂತು. ಇದರಿಂದ ಮುಂದಿನ ಬಳಕೆಗೆ ಸುಮಾರು 254 ಕೋಟಿ ಸಂಖ್ಯೆಗಳು ಸಿಗುತ್ತವೆ ಎಂಬುದು ಲೆಕ್ಕ. ಯಾರ ನಂಬರೂ ಬದಲಾಗಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬ್ಯಾಂಕು, ಆಧಾರ್, ಅಡುಗೆ ಅನಿಲ ಎಲ್ಲಕ್ಕೂ ಜೋಡಿಸಿದ ನಂಬರು ನನ್ನದಲ್ಲ ಎಂದರೆ ಹೇಗೆ? ನಿಜ, ಇಂದು ನಂಬರೆಂದರೆ ಗುರುತಿನ ಚೀಟಿ. ಆದರೆ ಈ ಗುರುತನ್ನು ಕಾಯುತ್ತಿರುವುದೂ ಸಾರ್ವಜನಿಕ ನಿಯಮಗಳೇ. 2011ರ ಜನವರಿಯಲ್ಲಿ ದೇಶದೆಲ್ಲೆಡೆ ಪೋರ್ಟಿಂಗ್ ಸೌಲಭ್ಯ ಬಂದದ್ದರಿಂದಲೇ ಕಂಪನಿ ಬಿಟ್ಟರೂ ನಂಬರು ಬಿಡಬೇಕಿಲ್ಲ. 2015ರಿಂದ ರಾಜ್ಯ ಬದಲಿಸಿದರೂ ಅದು ಜೊತೆಗೇ ಬರುತ್ತದೆ. ನಂಬರು ಕಂಪನಿಯ ಸ್ವತ್ತಾಗಿದ್ದರೆ ಇದು ಸಾಧ್ಯವಿತ್ತೇ? ಬಳಕೆ ನಿಂತು ಕಡಿತಗೊಂಡ ನಂಬರನ್ನು 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೆ ಅದು ಮತ್ತೊಬ್ಬರ ಮನೆ ಸೇರಬಹುದು. ಆದ್ದರಿಂದ ಸಿಮ್ ಬಿಡುವ ಮುನ್ನ ಬ್ಯಾಂಕಿನಲ್ಲಿ ನಂಬರು ಬದಲಿಸಿಕೊಳ್ಳುವುದು ನಮ್ಮ ಪಾಲಿನ ಹೊಣೆ. ಕೆರೆಯ ನೀರು ನಮ್ಮ ಸರದಿ ಇರುವಷ್ಟು ಹೊತ್ತು ನಮ್ಮ ಗದ್ದೆಯದೇ; ಸರದಿ ಮುಗಿದ ಮೇಲೆ ನಮ್ಮ ಮಡೆಯನ್ನು ನಾವೇ ಮುಚ್ಚಬೇಕು.