ಉಕ್ಕಿನ ಮೇಲೆ ಅರಳಿದ ಹೂವು, ಉಜ್ಜಿ ಅಳಿಸಿದ ಹೂವು

ಜಪಾನಿನ ಅಶ್ವದಳದ ಎರಡು ಹಳೆಯ ಕಾರ್ಬೈನ್‌ಗಳನ್ನು, ಅಂದರೆ ಗಿಡ್ಡ ಬಂದೂಕುಗಳನ್ನು, ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ 1911ರ 44ನೇ ಮಾದರಿಯವು. ಎರಡರ ಉದ್ದವೂ ಒಂದು ಮೀಟರಿಗೆ ತುಸು ಕಡಿಮೆ, ಎರಡಕ್ಕೂ 6.5 ಮಿ.ಮೀ. ಗುಂಡು, ಎರಡರ ಮೂತಿಯ ಕೆಳಗೂ ಮಡಚಿಟ್ಟ ಚೂಪಾದ ಬಯೊನೆಟ್. ಏನೂ ವ್ಯತ್ಯಾಸವಿಲ್ಲ ಅನ್ನಿಸುತ್ತದೆ, ಅಲ್ಲವೇ? ಈಗ ಬಯೊನೆಟ್ಟಿನ ಕೀಲು ಕೂತಿರುವ ಉಕ್ಕಿನ ಕವಚವನ್ನು ಮಾತ್ರ ನೋಡಿ. ಒಂದರಲ್ಲಿ ಅದು ಗಿಡ್ಡ, ಇನ್ನೊಂದರಲ್ಲಿ ಉದ್ದ! ಈ ಮಾದರಿಯಲ್ಲಿ ಕವಚದ ಬಗೆಗಳು ಒಟ್ಟು ಮೂರು. ಬಯೊನೆಟ್ ಬೀಸಿ ಚುಚ್ಚುವಾಗಿನ ಭಾರವೆಲ್ಲ ಬೀಳುವುದು ಇಲ್ಲೇ. ಕಾರ್ಖಾನೆಯವರು ಈ ಜಾಗವನ್ನು ಮತ್ತೆ ಮತ್ತೆ ತಿದ್ದಿದರು. ಬೆರಳಗಲದ ಆ ಬದಲಾವಣೆಯೇ ಬಂದೂಕು ಮೊದಲಿನದೋ ಕೊನೆಯದೋ ಎಂದು ಹೇಳಿಬಿಡುತ್ತದೆ.

ಅಲ್ಲಿಂದ ಕಣ್ಣು ರಿಸೀವರ್ ಮೇಲೆ, ಅಂದರೆ ನಳಿಗೆಯ ಬುಡ ಬಂದು ಕೂರುವ ಉಕ್ಕಿನ ಭಾಗದ ಮೇಲೆ ಹೋಗಬೇಕು. ಮೇಲಿಂದ ಕೆಳಕ್ಕೆ ಕೊರೆದ ಮೂರು ಅಕ್ಷರಗಳು ಮಾದರಿಯನ್ನು ಹೇಳುತ್ತವೆ. ಮೇಯ್ಜಿ ಚಕ್ರವರ್ತಿಯ ಆಳ್ವಿಕೆಯ 38ನೇ ವರ್ಷ, ಅಂದರೆ 1905, ಇಲ್ಲವೇ 44ನೇ ವರ್ಷ. ಮಾದರಿಯ ಹೆಸರಿನಲ್ಲೇ ರಾಜನ ಕಾಲಗಣನೆ ಸೇರಿಕೊಂಡಿದೆ! ಪಕ್ಕಕ್ಕೆ ತಿರುಗಿಸಿದರೆ ಬಂದೂಕಿನ ಕ್ರಮಸಂಖ್ಯೆ, ಅದರ ಜೊತೆ ಕಾರ್ಖಾನೆಯ ಗುರುತು. ಟೋಕಿಯೊದ ಕೊಯಿಶಿಕಾವಾ ಕಾರ್ಖಾನೆಯದು ಪೇರಿಸಿಟ್ಟ ಫಿರಂಗಿ ಗುಂಡುಗಳ ಮುದ್ರೆ. 1923ರ ಮಹಾ ಭೂಕಂಪ ಆ ಕಾರ್ಖಾನೆಯನ್ನು ಹಾಳುಗೆಡವಿತು. ಕೆಲಸ ಕ್ಯೂಶು ದ್ವೀಪದ ಕೊಕುರಾಕ್ಕೆ ಹೋಯಿತು. ಮುದ್ರೆಯೂ ಜೊತೆಗೇ ಹೋಯಿತು! ಹೀಗಾಗಿ ಮುದ್ರೆಯೊಂದನ್ನೇ ನಂಬಿ ಊರು ಹೇಳುವಂತಿಲ್ಲ, ಸಂಖ್ಯೆಯನ್ನೂ ಓದಬೇಕು. 1930ರ ದಶಕದಲ್ಲಿ ಸಂಖ್ಯೆಗೆ ಮೊದಲು ವೃತ್ತದೊಳಗೆ ಒಂದು ಜಪಾನಿ ಅಕ್ಷರ ಸೇರಿತು. ಅಕ್ಷರಗಳ ಸರದಿ 'ಇರೋಹಾ' ಎಂಬ ಹಳೆಯ ಪದ್ಯದ್ದು. ಪ್ರತಿ ಅಕ್ಷರವೂ ಒಂದೇ ಒಂದು ಸಲ ಬರುವ ಪದ್ಯವದು. ಕೊಲ್ಲುವ ಆಯುಧದ ಲೆಕ್ಕ ಇಡಲು ಒಂದು ಕವಿತೆ!

ಬಂದೂಕಿನ ಬಟ್ ನೋಡಿದ ಹೊಸಬರು ಬೆಚ್ಚುತ್ತಾರೆ. ಮರದಲ್ಲಿ ಉದ್ದಕ್ಕೂ ಒಂದು ಗೆರೆ. ಬಿರುಕೇ? ಯಾರೋ ಅಂಟಿಸಿ ರಿಪೇರಿ ಮಾಡಿದ್ದೇ? ಎರಡೂ ಅಲ್ಲ. ಮೇಲೊಂದು ಕೆಳಗೊಂದು ತುಂಡನ್ನು ಬೆಸೆದೇ ಬಟ್ ಮಾಡುವುದು ಜಪಾನಿನ ಪದ್ಧತಿಯಾಗಿತ್ತು. ದೊಡ್ಡ ಹಲಗೆ ಬೇಕಿಲ್ಲ, ಮರ ಉಳಿಯುತ್ತದೆ, ಹಿಡಿಯ ಬಳಿ ಬಲವೂ ಹೆಚ್ಚುತ್ತದೆ. 44ನೇ ಮಾದರಿಯಲ್ಲಿ ಬಟ್ಟಿನ ತುದಿಯ ಪುಟ್ಟ ಬಾಗಿಲು ತೆರೆದರೆ ಇನ್ನೊಂದು ಬೆರಗು: ನಳಿಗೆ ಶುಚಿ ಮಾಡುವ ಕಡ್ಡಿಯನ್ನು ಇಡಲು ಒಳಗೊಂದು ಗೂಡು. ಮೂತಿಯ ಕೆಳಗಿನ ಜಾಗವನ್ನು ಬಯೊನೆಟ್ ಹಿಡಿದಿದೆ, ಕಡ್ಡಿ ಇನ್ನೆಲ್ಲಿ ಇರಬೇಕು?

ಇನ್ನು ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ರಿಸೀವರ್ ನೆತ್ತಿಯ ಮೇಲೆ ಹದಿನಾರು ದಳದ ಸೇವಂತಿಗೆ, ಚಕ್ರವರ್ತಿಯ ಲಾಂಛನ. ಅದು ಅರಳಿದಂತೆಯೇ ಉಳಿದಿದ್ದರೆ ಆ ಬಂದೂಕು ರಣರಂಗದಲ್ಲೇ ಶತ್ರುವಿನ ಕೈಸೇರಿರುವ ಸಾಧ್ಯತೆ ಹೆಚ್ಚು. ಅರದಿಂದ ಉಜ್ಜಿ ಅಳಿಸಿದ್ದರೆ 1945ರ ಶರಣಾಗತಿಯ ನಂತರ ಜಪಾನಿನಲ್ಲಿ ಒಪ್ಪಿಸಿದ್ದಿರಬಹುದು. ಹೂವಿನ ಅಂಚಿಗೆ ಸಣ್ಣ ಸೊನ್ನೆಗಳನ್ನು ಒತ್ತಿದ್ದರೆ ಅದು ಸೇನೆಯ ಲೆಕ್ಕದಿಂದ ಮೊದಲೇ ಹೊರಬಂದದ್ದು. ನೋಡಿ, ಒಂದು ಹೂವಿಗೆ ಮೂರು ಗತಿ!

ಇಷ್ಟಾದ ಮೇಲೂ ಲೆಕ್ಕಕ್ಕೆ ಸಿಗದ ಬಂದೂಕುಗಳು ಎದುರಾಗುತ್ತವೆ. ಉದ್ದದ 38ನೇ ಮಾದರಿಯ ರೈಫಲ್ಲನ್ನು ಕತ್ತರಿಸಿ, ಕಾರ್ಬೈನ್‌ಗಿಂತ ಉದ್ದ, ರೈಫಲ್‌ಗಿಂತ ಗಿಡ್ಡವಾಗಿ ಮಾಡಿದವು ಉಂಟು. ಅಪರೂಪದವು ಎಂದು ಕೂಗುವ ಮುನ್ನ ಬೋಲ್ಟಿನ, ಅಂದರೆ ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಭಾಗದ, ಮೇಲಿನ ಅಂಕಿ ರಿಸೀವರ್ ಸಂಖ್ಯೆಯ ಕೊನೆಯ ಅಂಕಿಗಳಿಗೆ ಹೊಂದುತ್ತದೆಯೇ ನೋಡಬೇಕು. ಹೊಂದದಿದ್ದರೆ ಎರಡು ಬಂದೂಕುಗಳ ಭಾಗಗಳನ್ನು ಯಾರೋ ಬೆರೆಸಿರಬಹುದು. ನಿಜವಾದ ವೈಚಿತ್ರ್ಯಕ್ಕೂ ಯಾರೋ ಜೋಡಿಸಿಟ್ಟ ವೈಚಿತ್ರ್ಯಕ್ಕೂ ಇರುವ ಅಂತರ ತಿಳಿಯುವುದು ಇಂಥ ಸಣ್ಣ ಅಂಕಿಗಳಿಂದಲೇ.

ಜಪಾನಿನ ಸೇನೆ 1944ರಲ್ಲಿ ನಮ್ಮ ನೆಲಕ್ಕೇ, ಇಂಫಾಲ ಮತ್ತು ಕೊಹಿಮಾಗಳವರೆಗೆ ಬಂದಿತ್ತು. ಆ ಕಡೆ ಪ್ರವಾಸ ಹೋದರೆ ಅಲ್ಲಿನ ವಸ್ತುಸಂಗ್ರಹಾಲಯಗಳನ್ನು ತಪ್ಪಿಸಬೇಡಿ. ಗಾಜಿನೊಳಗೆ ಜಪಾನಿ ಬಂದೂಕು ಕಂಡರೆ ಹೂವನ್ನು ಹುಡುಕಿ, ಸಂಖ್ಯೆಯನ್ನು ಓದಿ, ಕವಚವನ್ನು ನೋಡಿ. ಹಳೆಯ ಆಯುಧಗಳನ್ನು ಕಾಯುವವರಲ್ಲಿ ಒಂದೇ ಬೇಡಿಕೆ: ಹೊಳಪಿಗಾಗಿ ಅವನ್ನು ತಿಕ್ಕಬೇಡಿ. ಉಕ್ಕಿನ ಮೇಲಿನ ಆ ಗೀರುಗಳೇ ಅವುಗಳ ಚರಿತ್ರೆ, ಒಮ್ಮೆ ಅಳಿದರೆ ಮತ್ತೆ ಸಿಗುವುದಿಲ್ಲ.