ತೆಂಗಿನ ಸೀಮೆಯಿಂದ ಸಸ್ಯವಿಜ್ಞಾನಿಯನ್ನು ಅಳೆಯುವಾಗ

ಚಾಮರಾಜನಗರ ತಾಲ್ಲೂಕಿನ ಮಾದಾಪುರದಲ್ಲಿ 1937ರಲ್ಲಿ ಹುಟ್ಟಿದ ಡಾ. ಎಂ. ಮಹದೇವಪ್ಪ ಭತ್ತದ ತಳಿ ವಿಜ್ಞಾನಿ. ಜನ ಅವರನ್ನು ‘ರೈಸ್ ಮಹದೇವಪ್ಪ’ ಎಂದೇ ಕರೆದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಎರಡು ಅವಧಿಗೆ ಕುಲಪತಿಯಾದರು, ಬಳಿಕ ದೇಶದ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಗೆ ಅಧ್ಯಕ್ಷರಾದರು. 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ ಬಂತು. 2021ರ ಮಾರ್ಚ್ 6ರಂದು ತೀರಿಕೊಂಡರು. ಇಂಥ ಬದುಕನ್ನು ನೆನೆಯುವಾಗ ನಮ್ಮಲ್ಲಿ ಒಂದು ರೂಢಿ ಇದೆ: ಗದ್ದೆಯಲ್ಲಿ ಮಾಡಿದ್ದು ವಿಜ್ಞಾನ, ಕಚೇರಿಯಲ್ಲಿ ಮಾಡಿದ್ದು ಆಡಳಿತ, ಮೊದಲನೆಯದು ಸಾಧನೆ, ಎರಡನೆಯದು ಅದಕ್ಕೆ ಸಿಕ್ಕ ಬಹುಮಾನ. ಈ ಲೆಕ್ಕ ಎಷ್ಟು ತಪ್ಪು ಎಂಬುದು ಮಂಡ್ಯದ ಗದ್ದೆಬಯಲಿಗಿಂತ ಹುಳಿಯಾರಿನ ತೆಂಗಿನ ತುಡಿಕೆಯಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ.

ಭತ್ತ ನಾಲ್ಕೈದು ತಿಂಗಳ ಬೆಳೆ. ನೀರಿದ್ದರೆ ವರ್ಷಕ್ಕೆ ಎರಡು ಪೈರು ತೆಗೆಯಬಹುದು. ಆದ್ದರಿಂದ ಭತ್ತದ ವಿಜ್ಞಾನಿ ತಾನೇ ಮಾಡಿದ ಸಂಕರದ ಮಗ, ಮೊಮ್ಮಗ, ಮರಿಮಗನನ್ನೆಲ್ಲ ಕಣ್ಣಾರೆ ಕಂಡು, ಆರಿಸಿ, ಹತ್ತು ಹನ್ನೆರಡು ವರ್ಷದೊಳಗೆ ರೈತನ ಕೈಗೆ ಬೀಜ ಕೊಡಬಲ್ಲ. ತೆಂಗಿನ ಕಥೆ ಬೇರೆ. ತಿಪಟೂರು ಸೀಮೆಯ ಎತ್ತರದ ಮರ ಮೊದಲ ಹೊಂಬಾಳೆ ಬಿಡುವ ಹೊತ್ತಿಗೆ ಆರೇಳು ವರ್ಷ ಕಳೆದಿರುತ್ತದೆ. ಅದರ ಇಳುವರಿ ಒಂದು ಹದಕ್ಕೆ ಬಂದು, ನಂಬಬಹುದಾದ ಲೆಕ್ಕ ಸಿಗಲು ಮತ್ತೂ ಹಲವು ವರ್ಷ ಬೇಕು. ಎತ್ತರದ ಜಾತಿಯಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು; ಹಾಗಾಗಿ ಒಳ್ಳೆಯ ತಾಯಿಮರದ ಕಾಯಿ ಹಾಕಿದರೂ ಅಗೆ ತಾಯಿಯಂತೆಯೇ ಆಗುತ್ತದೆಂಬ ಖಾತರಿಯಿಲ್ಲ. ಮೂವತ್ತೈದು ವರ್ಷ ಸೇವೆ ಮಾಡುವ ವಿಜ್ಞಾನಿಗೆ ತೆಂಗಿನ ಎರಡು ತಲೆಮಾರು ನೋಡಲು ಸಿಕ್ಕರೆ ಅದೇ ಹೆಚ್ಚು. ಕಾಸರಗೋಡು ಸೀಮೆಯ ನೀಲೇಶ್ವರದಲ್ಲಿ 1932ರಲ್ಲಿ ಡಾ. ಜೆ.ಎಸ್. ಪಟೇಲ್ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿ, ಹೈಬ್ರಿಡ್ ತೆಂಗಿನ ಕಸುವನ್ನು ಜಗತ್ತಿಗೆ ತೋರಿಸಿಕೊಟ್ಟರು. ಆ ಕೆಲಸ ಸಾಧ್ಯವಾದದ್ದು 1916ರಲ್ಲೇ ಅಂದಿನ ಮದರಾಸು ಸರ್ಕಾರ ಆ ಭಾಗದಲ್ಲಿ ತೆಂಗಿನ ಸಂಶೋಧನಾ ತೋಟಗಳನ್ನು ತೆರೆದಿದ್ದರಿಂದ. ಯಾರೋ ನೆಡಿಸಿದ ಮರವನ್ನು ಇನ್ನಾರೋ ಅಳೆಯುತ್ತಾರೆ, ಮೂರನೆಯವರು ತಳಿ ಬಿಡುಗಡೆ ಮಾಡುತ್ತಾರೆ.

ಹಾಗಿದ್ದ ಮೇಲೆ ಆ ಮೂವರ ನಡುವೆ ಕೊಂಡಿ ಕಡಿಯದಂತೆ ನೋಡಿಕೊಳ್ಳುವುದೂ ಸಂಶೋಧನೆಯೇ. ತೋಟದ ಬೋರ್‌ವೆಲ್ ಬತ್ತಿದ ವರ್ಷ ತಾಯಿಮರಗಳಿಗೆ ಟ್ಯಾಂಕರ್ ನೀರು ತರಿಸುವ ತೀರ್ಮಾನ, ನಿವೃತ್ತರಾದವರ ಹುದ್ದೆಗೆ ತಡಮಾಡದೆ ಇನ್ನೊಬ್ಬರನ್ನು ಕೂರಿಸುವ ಹಟ, ಇಪ್ಪತ್ತು ವರ್ಷದ ಇಳುವರಿ ಪುಸ್ತಕ ಗೆದ್ದಲಿಗೆ ಸಿಗದಂತೆ ಕಾಯುವ ಎಚ್ಚರ: ಇವೆಲ್ಲ ಕುಲಪತಿಯ, ನಿರ್ದೇಶಕನ ಮೇಜಿನ ಮೇಲೆ ನಿರ್ಧಾರವಾಗುವ ಸಂಗತಿಗಳು. ಅರಸೀಕೆರೆಯ ಸಂಶೋಧನಾ ಕೇಂದ್ರವನ್ನೇ ನೋಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿದ್ದ ಅದು, 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಪಾಲಿಗೆ ಹೋಯಿತು. ಮರಗಳು ಇದ್ದಲ್ಲೇ ಇದ್ದವು, ಯಜಮಾನರು ಬದಲಾದರು. ನಮ್ಮ ತಿಪಟೂರು ಎತ್ತರದ ತಳಿಯಿಂದಲೇ ಆರಿಸಿ, ಬರ ತಾಳುವ ಗುಣಕ್ಕೂ ಉಂಡೆ ಕೊಬ್ಬರಿಗೂ ಹೆಸರಾದ ‘ಕಲ್ಪತರು’ ತಳಿ ಅಲ್ಲಿಂದ ಹೊರಬಂತು. ಅದರ ಹಿಂದೆ ಒಬ್ಬರ ಹೆಸರು ಹುಡುಕುವುದು ವ್ಯರ್ಥ.

ಭತ್ತದಲ್ಲೂ ಪೂರ್ತಿ ಬೇರೆ ಮಾತಿಲ್ಲವೆನ್ನಿ. ಕರ್ನಾಟಕದಲ್ಲಿ ಹೈಬ್ರಿಡ್ ಭತ್ತದ ಕೆಲಸಕ್ಕೆ ಹೆಗಲು ಕೊಟ್ಟ ಮೊದಲಿಗರಲ್ಲಿ ಮಹದೇವಪ್ಪ ಒಬ್ಬರು. ಮಂಡ್ಯದ ವಿ.ಸಿ. ಫಾರಂನಿಂದ ಕೆಆರ್‌ಎಚ್-2 ಹೈಬ್ರಿಡ್ ಬಿಡುಗಡೆಯಾದ 1996ರಲ್ಲಿ ಅವರು ಧಾರವಾಡದ ಕುಲಪತಿ. ಮಂಡ್ಯದಲ್ಲಿ ತಂಡ ಉಳಿದಿತ್ತು, ಆದ್ದರಿಂದ ಕೆಲಸವೂ ನಿಲ್ಲಲಿಲ್ಲ.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದದ್ದೂ ಅಲ್ಲ. ಒಳ್ಳೆಯ ವಿಜ್ಞಾನಿಯನ್ನು ಕುರ್ಚಿಗೆ ಕಟ್ಟಿಹಾಕಿದರೆ ನಷ್ಟ ಹೊಲಕ್ಕೆ; ಕಡತ, ಘಟಿಕೋತ್ಸವ, ವರ್ಗಾವಣೆಯ ಶಿಫಾರಸುಗಳಲ್ಲಿ ಅವರ ಅತ್ಯುತ್ತಮ ವರ್ಷಗಳು ಸವೆಯುತ್ತವೆ. ನಿಜ, ಸವೆಯುತ್ತವೆ. ಆದರೆ ಆ ಕುರ್ಚಿ ಖಾಲಿ ಉಳಿಯುವುದಿಲ್ಲ. ಮರಕ್ಕೆ ಹದಿನೈದು ವರ್ಷ ಕಾಯಬೇಕು ಎಂಬುದರ ಅರ್ಥ ತಿಳಿಯದವರು ಅಲ್ಲಿ ಕುಳಿತರೆ ಮೂರೇ ವರ್ಷಕ್ಕೆ ‘ಫಲಿತಾಂಶ ಎಲ್ಲಿ?’ ಎಂದು ಕೇಳಿ ಪ್ರಯೋಗವನ್ನೇ ಮುಚ್ಚಿಸುತ್ತಾರೆ. ಬೆಂಗಳೂರಿನಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಮೊದಲ ಕುಲಪತಿಯಾಗಿ ಬಂದ ಡಾ. ಕೆ.ಸಿ. ನಾಯಕ್ ದಕ್ಷಿಣ ಭಾರತದ ಹಣ್ಣಿನ ಬೆಳೆಗಳ ಬಗ್ಗೆ ಗ್ರಂಥ ಬರೆದವರು, ಮರದ ಕಾಲಮಾನ ಬಲ್ಲವರು. ಅಂಥವರಿಂದ ಆರಂಭವಾದದ್ದು ಆ ಸಂಸ್ಥೆಯ ಭಾಗ್ಯ.

ಇನ್ನೊಂದು ಆಕ್ಷೇಪ ರೈತರದು, ಹೆಚ್ಚು ಖಾರದ್ದು. ನುಸಿ ಬಂತು, ಬಿಳಿನೊಣ ಬಂತು, ಅಣಬೆ ರೋಗಕ್ಕೆ ಮರಗಳು ಸಾಲಾಗಿ ಒಣಗುತ್ತಿವೆ. ವಿಶ್ವವಿದ್ಯಾಲಯದವರಿಗೆ ಯಾವ ಪುರುಷಾರ್ಥಕ್ಕೆ ಸನ್ಮಾನ? ತಿಪಟೂರು ತಳಿಯನ್ನೇ ನಮ್ಮ ಅಜ್ಜಂದಿರು ಆರಿಸಿ ಉಳಿಸಿದ್ದಲ್ಲವೇ? ಕೊನೆಯ ಮಾತು ಪೂರ್ತಿ ಸರಿ. ಅದನ್ನು ಒಪ್ಪದೆ ವಿಜ್ಞಾನಿಗೆ ಹಾರ ಹಾಕುವುದು ಅನ್ಯಾಯ. ಅಣಬೆ ರೋಗ ತೀರಾ ಮೇಲೇರಿದ ಮರವನ್ನು ಬದುಕಿಸುವ ಮದ್ದು ಇಂದಿಗೂ ಇಲ್ಲ. ಆದರೆ ರೋಗ ಮಣ್ಣಿನಲ್ಲಿ, ಬೇರಿನಲ್ಲಿ, ಹರಿಯುವ ನೀರಿನಲ್ಲಿ ಹಬ್ಬುತ್ತದೆಂದು ತಿಳಿದದ್ದರಿಂದಲೇ ರೋಗದ ಮರದ ಸುತ್ತ ಕಂದಕ ತೆಗೆಯುವುದು, ಅದರ ಪಾತಿಯ ನೀರು ಪಕ್ಕದ ಮರಕ್ಕೆ ಹೋಗದಂತೆ ತಡೆಯುವುದು, ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಕೊಡುವುದು ಬಳಕೆಗೆ ಬಂದಿವೆ. ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿಯನ್ನು ಸಾಕಿ ತೋಟಕ್ಕೆ ಬಿಡುತ್ತಾರೆ. 2016ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣಕ್ಕೆ ವಿಷ ಹೊಡೆದರೆ ಅದನ್ನು ತಿನ್ನುವ ಮಿತ್ರಕೀಟಗಳೇ ಸಾಯುತ್ತವೆ ಎಂದು ತಡೆದವರೂ ವಿಜ್ಞಾನಿಗಳೇ. ಹಾಗೆಂದು ವಿಜ್ಞಾನಿ ಕೈಹಾಕಿದ್ದೆಲ್ಲ ಗೆಲ್ಲುವುದಿಲ್ಲ; ಮಹದೇವಪ್ಪನವರ ಎಲ್ಲ ಯತ್ನವೂ ಗೆಲ್ಲಲಿಲ್ಲ. ಪಾರ್ಥೇನಿಯಂ ಅಡಗಿಸಲು ತಗಚೆ ಜಾತಿಯ ಕ್ಯಾಸಿಯಾ ಬೀಜ ಬಿತ್ತಿರೆಂದು ಅವರು ಬಹುಕಾಲ ಹೇಳಿದರು. ಆ ಕಳೆ ಇವತ್ತಿಗೂ ನಮ್ಮ ರಸ್ತೆಬದಿಯಲ್ಲಿದೆ. ಆದರೂ ವಿಷವಿಲ್ಲದೆ, ಬಡ ರೈತನೂ ಮಾಡಬಹುದಾದ ದಾರಿಯನ್ನು ಅವರು ಹುಡುಕಿದರು ಎಂಬುದಕ್ಕೆ ನನ್ನ ಮಟ್ಟಿಗೆ ಬೆಲೆಯಿದೆ.

ಸನ್ಮಾನಗಳು ಆಗಲಿ, ಪೇಟ, ಶಾಲು, ಏಲಕ್ಕಿ ಹಾರ ಎಲ್ಲ ಇರಲಿ. ಆದರೆ ವೇದಿಕೆಯ ಮೇಲಿನ ಕುಲಪತಿಗೆ, ಶಾಸಕರಿಗೆ ಎರಡು ಪ್ರಶ್ನೆ ಕೇಳುವುದನ್ನು ತೆಂಗು ಬೆಳೆಗಾರರು ಬಿಡಬಾರದು: ತೆಂಗಿನ ಕೇಂದ್ರಗಳಲ್ಲಿ ವಿಜ್ಞಾನಿಗಳ ಹುದ್ದೆ ಎಷ್ಟು ತುಂಬಿವೆ, ತಾಯಿಮರದ ತೋಟಕ್ಕೆ ಈ ಸಾಲಿನಲ್ಲಿ ಹಣ ಎಷ್ಟು? ಸಸಿ ಕೊಳ್ಳುವವರೂ ಬೆಲೆ ಚೌಕಾಸಿ ಮಾಡುವ ಮೊದಲು ಬೀಜದ ಕಾಯಿ ಯಾವ ತೋಟದ್ದೆಂದು ವಿಚಾರಿಸಲಿ. ಇಂದು ನೆಟ್ಟ ಅಗೆಯ ಗುಣ ಗೊತ್ತಾಗುವ ಹೊತ್ತಿಗೆ ಅದನ್ನು ಮಾರಿದವರೂ, ಈಗಿನ ಕುಲಪತಿಯೂ ತಮ್ಮ ಜಾಗದಲ್ಲಿ ಇರುವುದಿಲ್ಲ.