ಒಂದು ಗೇಣು, ಮೇಲೊಂದು ಅಂಗುಲ

ಕ್ರಿಕೆಟ್ ವಿಕೆಟ್ಟಿನ ಅಗಲ 9 ಅಂಗುಲ. ನಮ್ಮ ಹಳೆಯ ಲೆಕ್ಕದಲ್ಲಿ ಸರಿಯಾಗಿ ಒಂದು ಗೇಣು. ಎತ್ತರ 28 ಅಂಗುಲ. ಬ್ಯಾಟ್ಸ್‌ಮನ್ ಕಾಯಬೇಕಾದ ಜಾಗ ಅಷ್ಟೇ, 252 ಚದರ ಅಂಗುಲ. ಐಸ್ ಹಾಕಿಯ ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಅಂದರೆ 3,456 ಚದರ ಅಂಗುಲ. ಹದಿಮೂರು ವಿಕೆಟ್‌ಗಳನ್ನು ತಂದು ಜೋಡಿಸಿದರೂ ಇನ್ನೂ ಜಾಗ ಉಳಿಯುವ ಬಾಯಿ ಅದು. ಅದರ ಮುಂದೆ ಒಬ್ಬನೇ ನಿಲ್ಲುತ್ತಾನೆ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 1927ರಿಂದ 1989ರವರೆಗೆ, 62 ವರ್ಷಗಳ ಕಾಲ, ಅವನ ಒಂದೊಂದು ಕಾಲಿನ ಪ್ಯಾಡಿಗೆ ನಿಯಮ ಒಪ್ಪಿದ್ದ ಅಗಲ 10 ಅಂಗುಲ. ಒಂದು ಗೇಣು, ಮೇಲೊಂದು ಅಂಗುಲ.

ಈ ಎರಡು ಆಟಗಳ ಅಳತೆಗಳನ್ನು ಅಕ್ಕಪಕ್ಕ ಬರೆದುಕೊಂಡಾಗ ನನಗೆ ಮೊದಲು ಬೆರಗು ಹುಟ್ಟಿಸಿದ್ದು ವ್ಯತ್ಯಾಸವಲ್ಲ, ಹೋಲಿಕೆ. ಕ್ರಿಕೆಟ್ ಚೆಂಡಿನ ತೂಕ 156ರಿಂದ 163 ಗ್ರಾಂ. ಗಟ್ಟಿ ರಬ್ಬರಿನ ಬಿಲ್ಲೆಯಾದ ಪಕ್‌ನ ತೂಕ 156ರಿಂದ 170 ಗ್ರಾಂ. ಕ್ರಿಕೆಟ್ ಪಿಚ್ 66 ಅಡಿ ಉದ್ದ. ಈಗಿನ ರಿಂಕಿನಲ್ಲಿ, ದೂರದ ಹೊಡೆತಗಳು ಹೊರಡುವ ನೀಲಿ ಗೆರೆಯಿಂದ ಗೋಲಿನ ಗೆರೆಗೆ 64 ಅಡಿ. ತೂಕವೂ ದೂರವೂ ಹೆಚ್ಚುಕಡಿಮೆ ಒಂದೇ. ಹೋಲಿಕೆ ಮುರಿಯುವುದು ವೇಗದಲ್ಲಿ. 2003ರ ವಿಶ್ವಕಪ್‌ನಲ್ಲಿ ಶೋಯಬ್ ಅಖ್ತರ್ ಎಸೆದ ಗಂಟೆಗೆ 161.3 ಕಿಲೋಮೀಟರ್ ವೇಗದ ಚೆಂಡನ್ನು ಕ್ರಿಕೆಟ್ ಲೋಕ ಇವತ್ತಿಗೂ ನೆನೆಯುತ್ತದೆ. 2012ರಲ್ಲಿ ಹೊಡೆತದ ವೇಗ ಅಳೆಯುವ ಸ್ಪರ್ಧೆಯೊಂದರಲ್ಲಿ ಜ್ಡೆನೊ ಚಾರಾ ಹೊಡೆದ ಪಕ್ 175 ಕಿಲೋಮೀಟರ್ ಮುಟ್ಟಿತು. ಕ್ರಿಕೆಟ್ ಚೆಂಡು ನೆಲಕ್ಕೆ ಬಡಿದು ವೇಗ ಕಳೆದುಕೊಂಡು ಬರುತ್ತದೆ. ಪಕ್‌ಗೆ ಆ ತಡೆಯಿಲ್ಲ. ಅದನ್ನು ಪುಟಿಯದಂತೆ ಮೊದಲೇ ಫ್ರೀಜರಿನಲ್ಲಿಟ್ಟು ಕಲ್ಲಿನಂತೆ ಮಾಡಿರುತ್ತಾರೆ. ಅದು ಹತ್ತಾರು ಕಾಲುಗಳ ಸಂದಿಯಿಂದ ಬರುತ್ತದೆ, ಎಷ್ಟೋ ಸಲ ಹೊರಟ ಕ್ಷಣವೇ ಕಾಣುವುದಿಲ್ಲ.

ಗಂಟೆಗೆ 160 ಕಿಲೋಮೀಟರ್ ಎಂದರೆ ಸೆಕೆಂಡಿಗೆ 44 ಮೀಟರ್. ನೀಲಿ ಗೆರೆಯಿಂದ ಗೋಲಿಗೆ 0.44 ಸೆಕೆಂಡ್. 20 ಅಡಿ ದೂರದಿಂದ ಹೊಡೆದರೆ 0.14 ಸೆಕೆಂಡ್. ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಮಿದುಳು ಹೇಳಿದ್ದು ಕಾಲಿಗೆ ಇಳಿಯಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಹತ್ತಿರದ ಹೊಡೆತವನ್ನು ನೋಡಿ ತಡೆಯುವುದು ದೇಹಕ್ಕೆ ಸಾಧ್ಯವೇ ಇಲ್ಲ. ಹೊಡೆಯುವವನ ಭುಜ, ಅವನ ಕೋಲಿನ ವಾಲು, ಅವನ ಕಣ್ಣು ಹೋದ ಕಡೆ ಇವಿಷ್ಟನ್ನು ಓದಿಕೊಂಡು ಪಕ್ ಹೊರಡುವ ಮುನ್ನವೇ ಕಾಲು ಹೊರಟಿರಬೇಕು.

ಪೆಟ್ಟಿನ ಬಲವನ್ನೂ ಲೆಕ್ಕ ಹಾಕಿ ನೋಡಿದೆ. 170 ಗ್ರಾಂ ಪಕ್ ಈ ವೇಗದಲ್ಲಿ ಹೊತ್ತು ತರುವ ಶಕ್ತಿ ಸುಮಾರು 168 ಜೂಲ್. ಜೂಲ್ ಎಂದರೆ ಯಾರ ಮೈಗೂ ತಾಕುವುದಿಲ್ಲ, ಹಾಗಾಗಿ ಹೀಗೆ ಹೇಳುತ್ತೇನೆ: ಒಂದೂವರೆ ಕಿಲೋ ತೂಗುವ, ಸಿಪ್ಪೆ ಸುಲಿಯದ ತೆಂಗಿನಕಾಯಿಯೊಂದು ಹನ್ನೊಂದೂವರೆ ಮೀಟರ್ ಎತ್ತರದ ಮರದಿಂದ ಕಳಚಿ ಬಿದ್ದರೆ ನೆಲ ಮುಟ್ಟುವಾಗ ಅದರಲ್ಲಿರುವ ಶಕ್ತಿ ಅಷ್ಟು. ತೋಟದಲ್ಲಿ ಅಂಥ ಸದ್ದು ಕೇಳಿದರೆ ನಾವು ತಲೆ ತಗ್ಗಿಸಿ ಓಡುತ್ತೇವೆ. ಗೋಲ್‌ಕೀಪರ್ ಮೊಣಕಾಲು ಮುಂದಿಡುತ್ತಾನೆ.

ಆ ಮೊಣಕಾಲಿನ ಮೇಲೆ ಮೊದಲು ಬಂದದ್ದು ಕ್ರಿಕೆಟ್ ಪ್ಯಾಡೇ. 1896ರ ಫೆಬ್ರುವರಿ 14ರಂದು ಸ್ಟ್ಯಾನ್ಲಿ ಕಪ್‌ಗಾಗಿ ಮಾಂಟ್ರಿಯಲ್ ತಂಡಕ್ಕೆ ಸವಾಲೆಸೆದು ಬಂದಿದ್ದ ವಿನಿಪೆಗ್ ವಿಕ್ಟೋರಿಯಾಸ್ ತಂಡದ ಜಾರ್ಜ್ ಮೆರಿಟ್, ಬಿಳಿ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ನಿಂತರು. ಆ ಪಂದ್ಯ 2-0. ಮೆರಿಟ್ ಒಂದು ಗೋಲನ್ನೂ ಬಿಡಲಿಲ್ಲ. 1774ರಿಂದಲೂ ಕ್ರಿಕೆಟ್ಟಿನಲ್ಲಿ ವಿಕೆಟ್ಟಿಗೆ ಕಾಲು ಅಡ್ಡ ತಂದರೆ ಔಟು. ಅಲ್ಲಿ ತಪ್ಪಾದದ್ದು ಇಲ್ಲಿ ಕರ್ತವ್ಯವಾಯಿತು.

ಕ್ರಿಕೆಟ್ ಪ್ಯಾಡು ಕಾಲಿಗೆ ಸುತ್ತಿಕೊಳ್ಳುವ ದುಂಡು ಪ್ಯಾಡು. ಪಕ್ ತಾಕಿದರೆ ಎತ್ತಲೋ ಜಾರಿ ಹೋಗುತ್ತದೆ, ಎಷ್ಟೋ ಸಲ ಗೋಲಿನೊಳಕ್ಕೇ. ಇದನ್ನು ಕೆನಡಾದ ಹ್ಯಾಮಿಲ್ಟನ್ ಊರಿನಲ್ಲಿ ಒಬ್ಬರು ಗಮನಿಸಿದರು. ಕುದುರೆಗಳಿಗೆ ಜೀನು, ಪಟ್ಟಿ ಹೊಲಿದು ಬದುಕುತ್ತಿದ್ದ ಎಮಿಲ್ ಕೆನೆಸ್ಕಿ. ಚರ್ಚ್ ತಂಡಗಳ ಪಂದ್ಯವೊಂದನ್ನು ನೋಡುತ್ತಾ ಅವರಿಗೆ ಇದು ಹೊಳೆಯಿತು ಎನ್ನುತ್ತಾರೆ. ಅಂಗಡಿಗೆ ಬಂದು ಅದೇ ಪ್ಯಾಡನ್ನು ಅಗಲಿಸಿ, ಮುಂಭಾಗವನ್ನು ಚಪ್ಪಟೆ ಮಾಡಿ, ಹೊರ ಅಂಚಿನುದ್ದಕ್ಕೂ ಸುರುಳಿ ತುಂಬಿ ಹೊಲಿದರು. ಮೇಲೆ ತೊಗಲು, ಒಳಗೆ ಜಿಂಕೆಯ ಕೂದಲು, ಬೂರುಗದ ಹತ್ತಿ, ದಪ್ಪ ಉಣ್ಣೆಯ ಫೆಲ್ಟ್. ಜಿಂಕೆಯ ಕೂದಲೇ ಏಕೆ ಎಂದರೆ ಆ ಕೂದಲಿನ ಒಳಗು ಟೊಳ್ಳು. ತೂಕ ಕಡಿಮೆ, ಪೆಟ್ಟು ನುಂಗುವ ಗುಣ ಹೆಚ್ಚು. ಹ್ಯಾಮಿಲ್ಟನ್ ಟೈಗರ್ಸ್ ತಂಡದ ಜೇಕ್ ಫೋರ್ಬ್ಸ್ ಅದನ್ನು ಕಟ್ಟಿ ಆಡಿದರು. 1923-24ರಲ್ಲಿ ಲೀಗಿನ ಕೊನೆಯ ಸ್ಥಾನದಲ್ಲಿದ್ದ ಆ ತಂಡ 1924-25ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಪ್ಯಾಡೊಂದೇ ಅದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ಅರ್ಧ ಶತಮಾನ ಲೀಗಿನ ಗೋಲ್‌ಕೀಪರುಗಳು ಆ ಜೀನುಗಾರನ ಅಂಗಡಿಯ ಕಡೆಗೆ ನಡೆದರು.

ಗೋಲುಗಳು ಕಡಿಮೆಯಾಗುತ್ತಿವೆ ಎಂದು ಕಂಡಾಗ ಲೀಗಿನ ಕೈ ಮೊದಲು ಹೋದದ್ದು ಪ್ಯಾಡಿನ ಮೇಲೆ. 12 ಅಂಗುಲವಿದ್ದ ಮಿತಿಯನ್ನು 1927ರಲ್ಲಿ 10ಕ್ಕೆ ಇಳಿಸಿದರು. ಆಮೇಲೆ ನಡೆದದ್ದನ್ನು ಅಂಕಿಗಳೇ ಹೇಳಲಿ. 1928-29ರ ಋತುವಿನಲ್ಲಿ, ಕಿರಿದಾದ ಪ್ಯಾಡ್ ಕಟ್ಟಿದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜಾರ್ಜ್ ಹೇನ್ಸ್‌ವರ್ತ್, ಐದೂವರೆ ಅಡಿ ಎತ್ತರದ ಚಿಕ್ಕ ಆಳು, 44 ಪಂದ್ಯ ಆಡಿ ಬಿಟ್ಟ ಗೋಲು 43. ಪಂದ್ಯಕ್ಕೆ ಒಂದೂ ಇಲ್ಲ. 44ರಲ್ಲಿ 22 ಪಂದ್ಯಗಳಲ್ಲಿ ಎದುರಾಳಿಗೆ ಸೊನ್ನೆ. ಇಡೀ ಲೀಗಿನಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಮೂರು ಗೋಲು ಕೂಡ ಬರಲಿಲ್ಲ. ಎರಡು ಅಂಗುಲ ಕತ್ತರಿಸಿದ್ದರಿಂದ ಏನೂ ಆಗಲಿಲ್ಲ. ಮರುವರ್ಷ ಮುಂದಕ್ಕೆ ಪಾಸ್ ಕೊಡಲು ಎಲ್ಲೆಡೆ ಅನುಮತಿ ಸಿಕ್ಕ ಮೇಲಷ್ಟೇ ಗೋಲುಗಳ ಸಂಖ್ಯೆ ಒಮ್ಮೆಲೇ ಎರಡರಷ್ಟಾಯಿತು. ಹೇನ್ಸ್‌ವರ್ತ್‌ರ ಆ 22ನ್ನು ಒಂದು ಋತುವಿನಲ್ಲಿ ಇಂದಿಗೂ ಯಾರೂ ಮುಟ್ಟಿಲ್ಲ.

ಹಾಗಾದರೆ ಆ ಪ್ಯಾಡು ಮಾಡುತ್ತಿದ್ದ ಕೆಲಸವೇನು? 34 ಅಂಗುಲ ಎತ್ತರದ ಜೋಡಿ ಎಂದುಕೊಳ್ಳೋಣ. ಎರಡೂ ಸೇರಿ 680 ಚದರ ಅಂಗುಲ. ಗೋಲಿನ ಬಾಯಿಯ ಐದರಲ್ಲೊಂದು ಪಾಲು. ಉಳಿದ ನಾಲ್ಕು ಪಾಲು ಬಯಲು. ಇಂದಿನ ಪ್ಯಾಡಿನ ಅಗಲ 11 ಅಂಗುಲ, ಒಂದೇ ಅಂಗುಲ ಹೆಚ್ಚು. ಕಾಗದದ ಮೇಲೆ ಇದು ಏನೂ ಅಲ್ಲ ಅನ್ನಿಸುತ್ತದೆ. ನಿಜವಾದ ಅಂತರ ಇರುವುದು ಮಂಡಿಯೂರಿದಾಗ. ಇಂದಿನವರು ಮಂಡಿ ಊರಿ ಕಾಲುಗಳನ್ನು ಎಡಬಲಕ್ಕೆ ಚಾಚಿದರೆ ಪ್ಯಾಡು ಕಾಲಿನ ಸುತ್ತ ತಿರುಗಿ, ಅದರ ಮುಖ ನೇರ ಎದುರಿಗೇ ನಿಲ್ಲುತ್ತದೆ. 34ಕ್ಕೆ 34 ಕೂಡಿದರೆ 68 ಅಂಗುಲ. ಗೋಲಿನ ಅಗಲ 72. ನೆಲಮಟ್ಟದಲ್ಲಿ ಉಳಿಯುವುದು ನಾಲ್ಕೇ ಅಂಗುಲ. ಫೋಮು ತುಂಬಿದ ಹಗುರ ಪ್ಯಾಡಿನಿಂದ ಇದು ಸಾಧ್ಯವಾಯಿತು. 1980ರ ದಶಕದ ಆರಂಭದಲ್ಲಿ ಸಾವಿರ ಹೊಡೆತಗಳಲ್ಲಿ ಸುಮಾರು 125 ಗೋಲಾಗುತ್ತಿದ್ದವು. 2010ರ ದಶಕದ ನಡುವಿಗೆ ಅದು 85ಕ್ಕೆ ಇಳಿದಿತ್ತು. ಅದರಲ್ಲಿ ಆಟಗಾರರ ಎತ್ತರಕ್ಕೂ ತರಬೇತಿಗೂ ಪಾಲಿದೆ.

ಹಳೆಯ ಪ್ಯಾಡು ಹಾಗೆ ತಿರುಗುತ್ತಿರಲಿಲ್ಲ. ತೊಗಲಿನ ಪಟ್ಟಿ, ಬಕಲ್‌ಗಳಲ್ಲಿ ಕಾಲಿಗೆ ಬಿಗಿದದ್ದು ಕಾಲಿನ ಜೊತೆಯೇ ಹೋಗಬೇಕು. ಮಂಡಿ ಊರಿದರೆ ಮಂಡಿಯೇ ನೇರ ಮಂಜುಗಡ್ಡೆಗೆ ಬಡಿಯುತ್ತದೆ, ಪ್ಯಾಡಿನ ಮುಖ ನೆಲದ ಕಡೆಗೆ ಹೊರಳುತ್ತದೆ. ಆದ್ದರಿಂದಲೇ ಅಂದಿನವರು ನಿಂತು ಆಡಿದರು. ಮೂಲೆಗೆ ಬಂದ ಪಕ್ಕನ್ನು ಒದ್ದು ತಡೆದರು, ಸ್ಕೇಟಿನ ಅಲಗಿನಿಂದ ತಡೆದರು. ಬೇರೆ ದಾರಿಯೇ ಇಲ್ಲವಾದಾಗ ಇಡೀ ದೇಹ ಅಡ್ಡ ಬಿಸಾಕಿ ಕಾಲ ಮೇಲೆ ಕಾಲು ಹೇರಿದರು. 10 ಅಂಗುಲದ ಮೇಲೆ 10 ಅಂಗುಲ ಸೇರಿ 20 ಅಂಗುಲ ಎತ್ತರದ ಗೋಡೆ, ಒಂದು ಕ್ಷಣದ ಮಟ್ಟಿಗೆ. ಆ ಜಿಂಕೆ ಕೂದಲಿಗೆ ಇನ್ನೊಂದು ಒಳ್ಳೆಯ ಗುಣವಿತ್ತು. ಪಕ್ ತಾಕಿದರೆ ಸತ್ತಂತೆ ಪಾದದ ಬುಡದಲ್ಲೇ ಬೀಳುತ್ತಿತ್ತು. ಇಂದಿನ ಫೋಮು ಅದನ್ನು ದೂರ ಚಿಮ್ಮಿಸುತ್ತದೆ.

ಕೆಟ್ಟ ಗುಣ, ಅದು ನೀರು ಕುಡಿಯುತ್ತಿತ್ತು. ಸ್ಕೇಟುಗಳು ಕೆರೆದ ಮಂಜಿನ ಹುಡಿ ಹೊರಗಿನಿಂದ, ಬೆವರು ಒಳಗಿನಿಂದ. ಆಟ ಮುಗಿಯುವ ಹೊತ್ತಿಗೆ ತೂಕ ಕಿಲೋಗಟ್ಟಲೆ ಏರಿರುತ್ತಿತ್ತು. ಇದನ್ನು ನೆನಪಿಟ್ಟುಕೊಂಡು 1936ರ ಮಾರ್ಚ್ 24ರ ರಾತ್ರಿಯನ್ನು ನೋಡಬೇಕು. ಮಾಂಟ್ರಿಯಲ್ ಫೋರಂನಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವಿನ ಪ್ಲೇಆಫ್ ಪಂದ್ಯ. 60 ನಿಮಿಷ ಮುಗಿದಾಗ 0-0. ಇನ್ನೂ 20 ನಿಮಿಷ, ಮತ್ತೆ 20, ಮತ್ತೆ 20. ಮಧ್ಯರಾತ್ರಿ ದಾಟಿತು. ಒಂದು ಗಂಟೆ ದಾಟಿತು. ಆರನೆಯ ಹೆಚ್ಚುವರಿ ಅವಧಿಯಲ್ಲಿ, ಬೆಳಗಿನ ಜಾವ 2 ಗಂಟೆ 25 ನಿಮಿಷಕ್ಕೆ, ಮಡ್ ಬ್ರೂನೆಟೋ ಹೊಡೆದ ಪಕ್ ಒಳಗೆ ಹೋಯಿತು. ಒಟ್ಟು ಆಟ 176 ನಿಮಿಷ 30 ಸೆಕೆಂಡ್. ಸರಿಸುಮಾರು ಮೂರು ಪಂದ್ಯ, ಒಂದೇ ರಾತ್ರಿಯಲ್ಲಿ, ಅದೇ ಪ್ಯಾಡಿನಲ್ಲಿ. ಡೆಟ್ರಾಯಿಟ್‌ನ ನಾರ್ಮಿ ಸ್ಮಿತ್ 90ಕ್ಕೆ ಕಡಿಮೆಯಿಲ್ಲದಷ್ಟು ಹೊಡೆತಗಳನ್ನು ತಡೆದರು, ಒಂದನ್ನೂ ಬಿಡಲಿಲ್ಲ. ಆಚೆ ಕಡೆ ಲೋರ್ನ್ ಶಾಬೋ ಮೂರು ಗಂಟೆ ನಿಂತು ಒಂದೇ ಒಂದು ಗೋಲು ಬಿಟ್ಟು ಸೋತರು. ಲೀಗಿನ ಇತಿಹಾಸದಲ್ಲಿ ಇದಕ್ಕಿಂತ ದೀರ್ಘವಾದ ಪಂದ್ಯ ನಡೆದಿಲ್ಲ. ಸ್ಮಿತ್‌ರಿಗಿಂತ ಹೆಚ್ಚು ನನ್ನ ಮನಸ್ಸು ನಿಲ್ಲುವುದು ಶಾಬೋ ಮೇಲೆ. ಎಂಟು ವರ್ಷ ಮೊದಲು, 1928ರಲ್ಲಿ, ಕಣ್ಣಿಗೆ ಪಕ್ ಬಡಿದು ಸ್ಟ್ಯಾನ್ಲಿ ಕಪ್ ಫೈನಲ್‌ನ ನಡುವೆ ಹೊತ್ತೊಯ್ಯಲ್ಪಟ್ಟವರು ಅವರೇ.

ಆಗ ಮುಖವಾಡ ತೊಡುವ ಪದ್ಧತಿಯಿರಲಿಲ್ಲ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಪಕ್ ಬಡಿದು ಮುಖ ಸೀಳಿಸಿಕೊಂಡ ಗೋಲ್‌ಕೀಪರ್ ಜಾಕ್ ಪ್ಲಾಂಟ್, ಹೊಲಿಗೆ ಹಾಕಿಸಿಕೊಂಡು ಬಂದು ಮುಖವಾಡ ಧರಿಸಿ ಆಡಿದ ಮೇಲೆಯೇ ಅದು ರೂಢಿಗೆ ಬರತೊಡಗಿತು. 103 ಪಂದ್ಯಗಳಲ್ಲಿ ಎದುರಾಳಿಗೆ ಸೊನ್ನೆ ಕೊಟ್ಟ ಟೆರ್ರಿ ಸಾಚಕ್‌ರ ಮುಖಕ್ಕೆ ಬಿದ್ದ ಹೊಲಿಗೆಗಳು ಸುಮಾರು 400. ಕಾಲಿಗೆ 10 ಅಂಗುಲ ತೊಗಲು, ಮುಖಕ್ಕೆ ಏನೂ ಇಲ್ಲ.

ಇಷ್ಟೆಲ್ಲ ಅಂಕಿಗಳ ನಡುವೆ ನಾನು ಮತ್ತೆ ಮತ್ತೆ ಮರಳುವ ಅಂಕಿ ಒಂದಿದೆ: 502. ಗ್ಲೆನ್ ಹಾಲ್ 1955ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ಪರ ನಿಂತರು. ವರ್ಷಕ್ಕೆ 70 ಪಂದ್ಯ. ಎರಡು ವರ್ಷ ಅಲ್ಲಿ, ಐದು ವರ್ಷ ಶಿಕಾಗೊ ಬ್ಲ್ಯಾಕ್ ಹಾಕ್ಸ್‌ನಲ್ಲಿ. ಏಳು ಎಪ್ಪತ್ತಲಿ 490, ಎಂಟನೆಯ ಋತುವಿನ 12 ಸೇರಿ 502. ಒಂದನ್ನೂ ತಪ್ಪಿಸದೆ, ಒಂದರಲ್ಲೂ ಅರ್ಧಕ್ಕೆ ಬಿಡದೆ, ಎಲ್ಲವೂ ಮುಖವಾಡವಿಲ್ಲದೆ. ಪ್ಲೇಆಫ್ ಸೇರಿಸಿದರೆ 551. ಪಂದ್ಯಕ್ಕೆ ಒಂದು ಗಂಟೆಯಂತೆ 502 ಗಂಟೆ: ಇಪ್ಪತ್ತೊಂದು ದಿನ, ಇಪ್ಪತ್ತೊಂದು ರಾತ್ರಿ ನಿದ್ದೆಯಿಲ್ಲದೆ ಗೋಲಿನ ಮುಂದೆ ನಿಂತಂತೆ. ಪಂದ್ಯಕ್ಕೆ 30 ಹೊಡೆತ ಎಂದು ಹಿಡಿದರೂ 15,000 ಪಕ್. ಎಲ್ಲವನ್ನೂ ಒಂದೆಡೆ ಪೇರಿಸಿ ತೂಗಿದರೆ ಎರಡೂವರೆ ಟನ್ ರಬ್ಬರು, ಒಂದು ಹೆಣ್ಣಾನೆಯ ತೂಕ. ಅದು ಏಳು ವರ್ಷಗಳಲ್ಲಿ ಬಿಲ್ಲೆ ಬಿಲ್ಲೆಯಾಗಿ ಒಬ್ಬ ಮನುಷ್ಯನ ಕಡೆ ಬಂದಿತು. ಪಂದ್ಯಕ್ಕೆ ಮುಂಚೆ ಅವರಿಗೆ ವಾಂತಿಯಾಗುತ್ತಿತ್ತು. ಹೆಚ್ಚುಕಡಿಮೆ ಪ್ರತಿ ಪಂದ್ಯಕ್ಕೂ. ಬಾಯಿ ತೊಳೆದುಕೊಂಡು ಬಂದು ನಿಲ್ಲುತ್ತಿದ್ದರು. ಮಂಡಿಗಳನ್ನು ಒಳಕ್ಕೆ ಕೂಡಿಸಿ ಪಾದಗಳನ್ನು ಹೊರಕ್ಕೆ ಚಾಚುವ, ಇಂದು ಎಲ್ಲರೂ ಆಡುವ ಆ ಭಂಗಿಯನ್ನು, ಅದಕ್ಕೆ ಒಗ್ಗದ ಹಳೆಯ ತೊಗಲಿನ ಪ್ಯಾಡಿನಲ್ಲೇ ಅವರು ರೂಪಿಸಿದ್ದರು.

ಈ ಸರಣಿಯನ್ನು ಯಾವ ಪಕ್ಕೂ ಮುರಿಯಲಿಲ್ಲ. 1962ರ ನವೆಂಬರ್ ಮೊದಲ ವಾರ, ಅಭ್ಯಾಸದ ಹೊತ್ತಿನಲ್ಲಿ, ಹಾಲ್ ಬಗ್ಗಿ ಪ್ಯಾಡಿನ ಬೆರಳ ತುದಿಯ ಪಟ್ಟಿಯನ್ನು ಬಿಗಿಯುತ್ತಿದ್ದಾಗ ಬೆನ್ನಲ್ಲಿ ಚಳುಕು ಹಿಡಿಯಿತು. ನವೆಂಬರ್ 7ರಂದು ಬೋಸ್ಟನ್ ವಿರುದ್ಧ ಅದೇ ಬೆನ್ನಿನಲ್ಲಿ ನಿಂತರು. ಮೊದಲ ಅವಧಿಯಲ್ಲಿ, ಹತ್ತು ನಿಮಿಷದ ಹೊತ್ತಿಗೆ, ಬಗ್ಗಲಾಗದೆ ಹೊರನಡೆದರು. ಅವರ ಜಾಗಕ್ಕೆ ಡೆನಿಸ್ ಡಿಜೋರ್ಡಿ ಬಂದರು. ಬೆನ್ನು ಸರಿಹೋದ ಮೇಲೆ ಹಾಲ್ ಮತ್ತೆ ಬಗ್ಗಿ ಪಟ್ಟಿಗಳನ್ನು ಬಿಗಿದುಕೊಂಡರು. ಆ ಋತುವಿನ 70 ಪಂದ್ಯಗಳಲ್ಲಿ 66ರಲ್ಲಿ ಶಿಕಾಗೊ ಪರ ನಿಂತವರು ಅವರೇ.